ಹೊಂಡದ ನೀರು ಹಸಿರು ಬಣ್ಣ ಸುರಿದಂತಾಗಿದೆ: ಕಾರಣ ಬಿಸಿಲೋ, ಬೋರ್‌ವೆಲ್ಲಿನ ಉಪ್ಪೋ?

ಗೆಂಡೆ ಸಾಕಣೆದಾರ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನಲ್ಲಿ ನನ್ನದೊಂದು ಅರ್ಧ ಎಕರೆಯ ಮೀನಿನ ಹೊಂಡವಿದೆ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಬಿಟ್ಟಿದ್ದೇನೆ. ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ನಾಲೆಯ ನೀರನ್ನೇ ತುಂಬಿಸುತ್ತೇನೆ, ನಾಲೆ ನಿಂತ ಮೇಲೆ ಬೋರ್‌ವೆಲ್ಲೇ ಗತಿ. ಆ ಬೋರ್‌ವೆಲ್ಲಿನ ನೀರು ಸವುಳು. ನನ್ನ ಬಳಿ ಇರುವ ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವಂಥದ್ದು) ಅದರಲ್ಲಿ ಲೀಟರಿಗೆ 1,600 ಮಿಲಿಗ್ರಾಂ ತೋರಿಸುತ್ತದೆ.

ಮಾರ್ಚ್ ಎರಡನೆಯ ವಾರದಿಂದ ಹೊಂಡದ ಬಣ್ಣ ಬದಲಾಗಿದೆ. ಮೀನಿಗೆ ಬೇಕಾದ ಎಳೆ ಹಸಿರು ನನಗೆ ಗೊತ್ತಿರುವುದೇ, ಆದರೆ ಇದು ಆ ಹಸಿರಲ್ಲ. ಬಿಸಿಲೇರಿದ ಮೇಲೆ ಡಬ್ಬಿಯಿಂದ ಪೇಂಟ್ ಸುರಿದಂತೆ ನೀರಿನ ಮೇಲೆ ಕೆನೆ ಕಟ್ಟಿಕೊಂಡು, ಗಾಳಿ ತಳ್ಳಿದ ಕಡೆಗೆ ಸರಿದು, ಪೂರ್ವದ ಮೂಲೆಯಲ್ಲಿ ಬೆರಳು ದಪ್ಪಕ್ಕೆ ಶೇಖರವಾಗುತ್ತದೆ. ಒಣಗಿದ ಮೇಲೆ ದಡದ ಕಲ್ಲುಗಳ ಮೇಲೆ ನೀಲಿ ಕಲೆ ಉಳಿಯುತ್ತದೆ.

ಮೀನಿನ ಆಹಾರ ಮಾರುವವರೊಬ್ಬರು ಐದು ಮೂಟೆ ಕಲ್ಲುಪ್ಪು ಹಾಕಿದರೆ ಪಾಚಿಯೆಲ್ಲ ಸಾಯುತ್ತದೆ ಎಂದು ಹೇಳಿದರು. ಪಕ್ಕದ ಜಮೀನಿನ ಅಣ್ಣ ಮಾತ್ರ ನನ್ನ ಬೋರ್‌ವೆಲ್ಲಿನ ಉಪ್ಪೇ ಈ ಪಾಚಿಯನ್ನು ಬೆಳೆಸಿದೆ ಎನ್ನುತ್ತಾರೆ. ಉಪ್ಪು ಪಾಚಿಯನ್ನು ಕೊಲ್ಲುವುದೂ ಬೆಳೆಸುವುದೂ ಒಟ್ಟಿಗೆ ಸಾಧ್ಯವೇ? ಅಥವಾ ಇದೆಲ್ಲ ಬರೀ ಬಿಸಿಲಿನ ಆಟವೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಮೈಸೂರು

ಉತ್ತರಿಸುವ ಮೊದಲು ನಿಮ್ಮಿಂದ ಮೂರು ಸಂಗತಿಗಳು ಬೇಕು. ಮೊದಲನೆಯದಾಗಿ, ಬಿಳಿಯ ಗಾಜಿನ ಬಾಟಲಿಯೊಂದರಲ್ಲಿ ಮುಕ್ಕಾಲು ಭಾಗ ಹೊಂಡದ ನೀರನ್ನು ತುಂಬಿಸಿ, ಅಲುಗಿಸದೆ ಒಂದು ರಾತ್ರಿ ಇಟ್ಟು, ಹಸಿರು ಮೇಲೆ ಬಂದಿದೆಯೋ ಕೆಳಗೆ ಕುಳಿತಿದೆಯೋ ನೋಡಿ. ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಎರಡನೆಯದಾಗಿ, ಬೆಳಗಿನ ಆರಕ್ಕೊಮ್ಮೆ ಮತ್ತು ಮಧ್ಯಾಹ್ನ ಮೂರಕ್ಕೊಮ್ಮೆ ಮೇಲ್ಮೈ ನೀರಿನ ಹಾಗೂ ತಳದ ನೀರಿನ ಉಷ್ಣತೆಯನ್ನು ಅಳೆದು ತಿಳಿಸಿ. ಮೂರನೆಯದಾಗಿ, ಹೊಂಡಕ್ಕೆ ನೀವು ವಾರಕ್ಕೆ ಏನೇನು ಹಾಕುತ್ತೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ.

ಗೆಂಡೆ ಸಾಕಣೆದಾರ, ಪಾಂಡವಪುರ

ಮೇಷ್ಟ್ರೇ, ನೀವು ಹೇಳಿದಂತೆ ಮಾಡಿದೆ. ಮಗಳು ಶಾಲೆಗೆ ಒಯ್ಯುತ್ತಿದ್ದ ಹಳೆಯ ಗಾಜಿನ ಬಾಟಲಿಯಲ್ಲಿ ಸಂಜೆ ನೀರು ತುಂಬಿ ಜಗಲಿಯ ಮೇಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕೆಳಗಿನ ನೀರೆಲ್ಲ ತಿಳಿಯಾಗಿ, ಬಾಟಲಿಯ ಕತ್ತಿನ ಬಳಿ ಹಸಿರು ಉಂಗುರದಂತೆ ಒಂದು ಅಂಗುಲ ದಪ್ಪದ ಪದರ ಕಟ್ಟಿಕೊಂಡಿತ್ತು. ಹತ್ತಿರದಿಂದ ನೋಡಿದಾಗ ಅದು ಬಿಡಿ ಬಿಡಿ ಕಣಗಳಾಗಿತ್ತು, ರವೆಯನ್ನು ಹಸಿರು ನೀರಿನಲ್ಲಿ ನೆನೆಸಿಟ್ಟಂತೆ ಕಾಣುತ್ತಿತ್ತು.

ಉಷ್ಣತೆಯನ್ನು ಮೂರು ದಿನ ಅಳೆದೆ. ಬೆಳಗಿನ ಆರಕ್ಕೆ ಮೇಲೆ 27, ತಳದಲ್ಲೂ 27 ಡಿಗ್ರಿ ಸೆಲ್ಸಿಯಸ್. ಮಧ್ಯಾಹ್ನ ಮೂರಕ್ಕೆ ಮೇಲೆ 33, ತಳದಲ್ಲಿ 28. ಹೊಂಡದ ನೀರಿನ ಟಿಡಿಎಸ್ ಈಗ 1,900ಕ್ಕೆ ಏರಿದೆ, ಅಂದರೆ ಬೋರ್‌ವೆಲ್ಲಿನ ನೀರಿಗಿಂತಲೂ ಹೆಚ್ಚು. ಇದೇಕೆ ಹೀಗಾಯಿತೆಂದು ನನಗೆ ತಿಳಿಯಲಿಲ್ಲ.

ಹಾಕುವುದರ ಬಗ್ಗೆ ಹೇಳುವುದಾದರೆ, ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ದಿನವೂ ಹಾಕುತ್ತೇನೆ. ವಾರಕ್ಕೊಮ್ಮೆ ಕೋಳಿ ಗೊಬ್ಬರ ಹಾಕುತ್ತೇನೆ. ಫೆಬ್ರವರಿಯಲ್ಲಿ ಮೀನು ಚೆನ್ನಾಗಿ ಬೆಳೆಯಲಿ ಎಂಬ ಆಸೆಯಿಂದ ಗೊಬ್ಬರವನ್ನು ಎರಡರಷ್ಟು ಹಾಕಿದ್ದೂ ನಿಜ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಮೈಸೂರು

ನಿಮ್ಮ ಬಾಟಲಿ ಅರ್ಧ ಉತ್ತರವನ್ನು ಕೊಟ್ಟುಬಿಟ್ಟಿದೆ. ಮೀನಿಗೆ ಆಹಾರವಾಗುವ ಸಾಧಾರಣ ಹಸಿರು ಪಾಚಿಯೂ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳೂ ಅಲುಗದ ನೀರಿನಲ್ಲಿ ನಿಧಾನವಾಗಿ ತಳಕ್ಕಿಳಿಯುತ್ತವೆ. ಮೇಲೇರಿ ಬಂದು ರವೆಯಂತೆ ತೇಲಿದ್ದು ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ. ಕಣಗಳ ರೂಪವನ್ನು ನೀವು ವರ್ಣಿಸಿದ ರೀತಿ ನೋಡಿದರೆ ಅದು ಮೈಕ್ರೋಸಿಸ್ಟಿಸ್ ಇರಬೇಕು. ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕ ಬೇಕೇ ಬೇಕು. ಕಲ್ಲಿನ ಮೇಲಿನ ನೀಲಿ ಕಲೆ ಫೈಕೋಸಯನಿನ್ ಎಂಬ ವರ್ಣದ್ರವ್ಯದ್ದು. ಜೀವಕೋಶ ಒಡೆದಾಗ ಅದು ಹೊರಬರುತ್ತದೆ.

ಇನ್ನು ಬಿಸಿಲಿನ ವಿಚಾರ. ಸೆಕೆ ಹೆಚ್ಚಿದರೆ ಪಾಚಿ ಬೇಗ ಬೆಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲವಾದರೂ ಪೂರ್ತಿ ವಿವರಣೆಯಲ್ಲ. ಮೈಕ್ರೋಸಿಸ್ಟಿಸ್ 15 ಡಿಗ್ರಿಗಿಂತ ಕೆಳಗೆ ಬಹುಮಟ್ಟಿಗೆ ಮಲಗಿಯೇ ಇರುತ್ತದೆ. ಅದರ ಓಟ ಶುರುವಾಗುವುದು 25 ಡಿಗ್ರಿ ದಾಟಿದ ಮೇಲೆ. ಡಯಾಟಮ್‌ನಂಥ ಅನೇಕ ಪಾಚಿಗಳು ತಂಪಿನಲ್ಲೇ ಹಿಗ್ಗಿ, ಆ ಸೆಕೆಯಲ್ಲಿ ಸೊರಗುತ್ತವೆ. ಹೀಗಾಗಿ ಬೇಸಿಗೆಯಲ್ಲಿ ಇದರ ಬೆಳವಣಿಗೆ ಹೆಚ್ಚುವುದರ ಜೊತೆಗೆ ಪೈಪೋಟಿಗಿದ್ದವರೂ ಹಿಂದೆ ಸರಿಯುತ್ತಾರೆ.

ಆದರೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ನಿಮ್ಮ ಮಧ್ಯಾಹ್ನದ ಎರಡು ಅಂಕಿಗಳಲ್ಲಿದೆ: ಮೇಲೆ 33, ತಳದಲ್ಲಿ 28. ಬೆಚ್ಚಗಿನ ನೀರು ಹಗುರ, ಹಾಗಾಗಿ ಅದು ಮೇಲೆಯೇ ನಿಲ್ಲುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಂದು ಘನ ಮೀಟರ್ ನೀರು 10ರಿಂದ 11 ಡಿಗ್ರಿಗೆ ಕಾದರೆ ಅದರ ತೂಕ 100 ಗ್ರಾಂ ಕೂಡ ಇಳಿಯುವುದಿಲ್ಲ, ಅದೇ ನೀರು 29ರಿಂದ 30ಕ್ಕೆ ಕಾದರೆ ಸುಮಾರು 300 ಗ್ರಾಂ ಇಳಿಯುತ್ತದೆ. ಚಳಿ ದೇಶದ ಕೆರೆಯಲ್ಲಿ ಒಂದು ಡಿಗ್ರಿಯ ವ್ಯತ್ಯಾಸವನ್ನು ಸಣ್ಣ ಗಾಳಿಯೇ ಕಲಸಿಹಾಕುತ್ತದೆ, ನಮ್ಮ ಹೊಂಡದಲ್ಲಿ ಅಷ್ಟೇ ವ್ಯತ್ಯಾಸ ಮೂರು ಪಟ್ಟು ಗಟ್ಟಿಯಾದ ಮುಚ್ಚಳವಾಗುತ್ತದೆ. ನಿಮ್ಮಲ್ಲಿರುವುದು ಐದು ಡಿಗ್ರಿಯ ಮುಚ್ಚಳ.

ಹೀಗೆ ನೀರು ಪದರಗಟ್ಟಿ ನಿಶ್ಚಲವಾದಾಗ ಇತರ ಪಾಚಿಗಳು ಬೆಳಕಿಲ್ಲದ ತಳಕ್ಕೆ ಕುಸಿಯುತ್ತವೆ. ಮೈಕ್ರೋಸಿಸ್ಟಿಸ್‌ನ ಜೀವಕೋಶದೊಳಗೆ ಗಾಳಿ ತುಂಬಿದ ಅತಿ ಸಣ್ಣ ಕೋಶಿಕೆಗಳಿವೆ. ಅವುಗಳ ಬಲದಿಂದ ಅದು ಮೇಲೇರಿ, ಬೆಳಕನ್ನೆಲ್ಲ ತಾನೇ ಹೀರಿಕೊಂಡು, ಕೆಳಗಿನವರಿಗೆ ನೆರಳು ಕವಿಸುತ್ತದೆ. ಕಡು ಬಣ್ಣದ ಆ ಕೆನೆ ಬಿಸಿಲನ್ನು ಹೀರಿ ಮೇಲ್ಮೈ ನೀರನ್ನು ಇನ್ನಷ್ಟು ಬಿಸಿ ಮಾಡುವುದರಿಂದ ಮುಚ್ಚಳವೂ ಇನ್ನಷ್ಟು ಬಿಗಿಯಾಗುತ್ತದೆ. ತನಗೆ ಬೇಕಾದ ಹವಾಮಾನವನ್ನು ತಾನೇ ಮಾಡಿಕೊಳ್ಳುವ ಇಂಥ ಜೀವಿಯನ್ನು ಕಂಡರೆ ಒಳಗೊಳಗೇ ಸ್ವಲ್ಪ ಮೆಚ್ಚುಗೆ ಹುಟ್ಟುತ್ತದೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಇಷ್ಟಾದರೂ ಬಿಸಿಲು ಊಟವಲ್ಲ. ಊಟ ಹಾಕಿದ್ದು ನಿಮ್ಮ ಕೋಳಿ ಗೊಬ್ಬರದಲ್ಲಿದ್ದ ರಂಜಕ ಮತ್ತು ಸಾರಜನಕ. ಟಿಡಿಎಸ್ ಏರಿದ್ದಕ್ಕೆ ಆವಿಯಾಗುವಿಕೆ ಕಾರಣ: ನೀರು ಹೋಗುತ್ತದೆ, ಉಪ್ಪೂ ಗೊಬ್ಬರದ ಸಾರವೂ ಹೊಂಡದಲ್ಲೇ ಉಳಿಯುತ್ತವೆ.

ಕುಕ್ಕರಹಳ್ಳಿ ನಡಿಗೆ, ಮೈಸೂರು

ಮೇಷ್ಟ್ರ ಮಾತಿಗೆ ಒಂದು ಆಕ್ಷೇಪವಿದೆ. ನಾನು ಹಲವು ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವನು. ಸ್ವೆಟರ್ ಹಾಕಿಕೊಂಡು ಹೋದ ಡಿಸೆಂಬರ್ ತಿಂಗಳಲ್ಲೂ ಏರಿಯ ಬದಿಯಲ್ಲಿ ಇದೇ ಪೇಂಟಿನಂಥ ಹಸಿರನ್ನು ಕಂಡಿದ್ದೇನೆ. ಬಿಸಿಲೇ ಕಾರಣವಾದರೆ ಚಳಿಗಾಲದಲ್ಲಿ ಇದು ಹೇಗೆ ಬರಬೇಕು?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಮೈಸೂರು

ಒಳ್ಳೆಯ ಆಕ್ಷೇಪ. ನಮ್ಮ ಚಳಿ ನಮ್ಮ ಮೈಗೆ ಚಳಿಯೇ ಹೊರತು ಪಾಚಿಗಲ್ಲ. ಯುರೋಪಿನ ಕೆರೆಗಳು ಚಳಿಗಾಲದಲ್ಲಿ 4 ಡಿಗ್ರಿಗೆ ಇಳಿಯುತ್ತವೆ, ಮೇಲೆ ಹೆಪ್ಪುಗಟ್ಟುತ್ತವೆ, ಅಲ್ಲಿ ಮೈಕ್ರೋಸಿಸ್ಟಿಸ್ ತಳದ ಕೆಸರಿನಲ್ಲಿ ಮಲಗಿ ಬೇಸಿಗೆಗೆ ಕಾಯಬೇಕು. ಮೈಸೂರಿನ ಕೆರೆಗಳ ನೀರು ಡಿಸೆಂಬರಿನಲ್ಲೂ ಹಗಲು 20 ಡಿಗ್ರಿಗಿಂತ ಮೇಲೆಯೇ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಕಡಿಮೆ. ನಮ್ಮಲ್ಲಿ ಬೇಸಿಗೆ ಪಾಚಿಯನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಇದ್ದುದನ್ನು ಜೋರು ಮಾಡುತ್ತದೆ. ಆದ್ದರಿಂದ ಚರಂಡಿ ನೀರು ಸೇರುವ ಕೆರೆಯಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ಕೆನೆ ಕಾಣಬಹುದು.

ಕಡಲ ಕಡೆಯವನು, ಈಗ ಮೈಸೂರು ನಿವಾಸಿ

ನಾನು ಮಂಗಳೂರಿನ ಕಡೆಯವನು. ಮೀನುಗಾರಿಕೆ ಓದಿ, ಕೆಲಸದ ನಿಮಿತ್ತ ಮೈಸೂರಿನಲ್ಲಿ ನೆಲೆಸಿದ್ದೇನೆ. ಉಪ್ಪಿನ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ.

ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳೋಣ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಿಮ್ಮ ಹೊಂಡದ 1,900 ಎಂಬ ಅಂಕಿ ಲೀಟರಿಗೆ 1.9 ಗ್ರಾಂ. ಬಾಯಿಗೆ ಸವುಳೆನಿಸಿದರೂ ಮೈಕ್ರೋಸಿಸ್ಟಿಸ್‌ಗೆ ಇದು ಲೆಕ್ಕಕ್ಕೇ ಇಲ್ಲದ ಉಪ್ಪು. ಪ್ರಯೋಗಾಲಯದಲ್ಲಿ ಅದರ ಕೆಲವು ತಳಿಗಳು ಲೀಟರಿಗೆ 10 ಗ್ರಾಂವರೆಗೂ ಬೆಳವಣಿಗೆ ಕುಗ್ಗದೆ ಬದುಕಿವೆ. ಅದನ್ನು ದಾಟಿದಾಗ ಜೀವಕೋಶಗಳು ಸೊರಗಿ, ಒಳಗಿದ್ದ ವಿಷ ನೀರಿಗೆ ಸೋರಿದ್ದೂ ಕಂಡುಬಂದಿದೆ.

ಈಗ ಐದು ಮೂಟೆಯ ಲೆಕ್ಕ ಮಾಡಿ ನೋಡಿ. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್. ಒಂದೂವರೆ ಮೀಟರ್ ಆಳವೆಂದುಕೊಂಡರೆ 3,000 ಘನ ಮೀಟರ್ ನೀರು. ಐವತ್ತು ಕಿಲೋದ ಐದು ಮೂಟೆ ಹಾಕಿದರೆ ಲೀಟರಿಗೆ 0.08 ಗ್ರಾಂ ಉಪ್ಪು ಹೆಚ್ಚುತ್ತದೆ, ನಿಮ್ಮ ಹೊಂಡದ ಬಿಸಿಲು ಅದಕ್ಕಿಂತ ಹೆಚ್ಚಿನ ಉಪ್ಪನ್ನು ಆಗಲೇ ಕೂಡಿಸಿದೆ. ಲೀಟರಿಗೆ 10 ಗ್ರಾಂ ಹೆಚ್ಚಿಸಬೇಕಾದರೆ ಆರುನೂರು ಮೂಟೆ ಬೇಕು. ಅಷ್ಟು ಸುರಿದ ದಿನ ನಿಮ್ಮ ಗೆಂಡೆ ಮೀನುಗಳೂ ಉಳಿಯುವುದಿಲ್ಲ, ಮುಂದೆ ಆ ನೀರು ಹರಿಯುವ ಜಮೀನೂ ಉಳಿಯುವುದಿಲ್ಲ.

ಪಕ್ಕದ ಜಮೀನಿನ ಅಣ್ಣ ಹೇಳಿದ್ದರಲ್ಲಿ ಮಾತ್ರ ಒಂದು ಎಳೆ ಸತ್ಯವಿದೆ. ಸಣ್ಣ ಪ್ರಮಾಣದ ಉಪ್ಪಿಗೆ ಪಾಚಿ ಜಗ್ಗುವುದಿಲ್ಲ, ಆದರೆ ಪಾಚಿಯನ್ನು ಮೇಯುವ ನೀರುಚಿಗಟದಂಥ ಜೀವಿಗಳು ಬೇಗ ಸೋಲುತ್ತವೆ. ಮೇಯುವವರು ಕಡಿಮೆಯಾದರೆ ಮೇವು ಉಳಿಯುವುದು ಸಹಜ. ಉಪ್ಪು ನೀರಿನಲ್ಲಿ ಸಲ್ಫೇಟ್ ಕೂಡ ಹೆಚ್ಚಿದ್ದರೆ, ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಡೆ ಅದು ಸಲ್ಫೈಡ್ ಆಗಿ, ರಂಜಕವನ್ನು ಹಿಡಿದಿಟ್ಟ ಕಬ್ಬಿಣವನ್ನು ಕಸಿದುಕೊಳ್ಳುತ್ತದೆ. ಹಾಗೆ ಬಿಡುಗಡೆಯಾದ ರಂಜಕ ಪುನಃ ಪಾಚಿಯ ಬಾಯಿಗೇ ಹೋಗುತ್ತದೆ.

ಕುಕ್ಕರಹಳ್ಳಿ ನಡಿಗೆ, ಮೈಸೂರು

ಹಾಗಾದರೆ ಸಮುದ್ರದಲ್ಲಿ ಇಂಥ ಪಾಚಿಯೇ ಇರಬಾರದಲ್ಲವೇ? ಕೆಂಪು ಅಲೆ, ನೀಲಿಯಾಗಿ ಹೊಳೆಯುವ ಅಲೆ ಎಂದೆಲ್ಲ ಕರಾವಳಿಯ ಸುದ್ದಿಗಳನ್ನು ಓದುತ್ತಿರುತ್ತೇವೆ.

ಕಡಲ ಕಡೆಯವನು, ಈಗ ಮೈಸೂರು ನಿವಾಸಿ

ಇರುತ್ತದೆ, ಆದರೆ ಅದು ಬೇರೆ ಕುಲ. ಉಪ್ಪಿನ ಕೆಲಸ ಜರಡಿಯ ಕೆಲಸ: ಎಷ್ಟು ಬೆಳೆಯಬೇಕೆಂಬುದಕ್ಕಿಂತ ಯಾರು ಬೆಳೆಯಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದಾಗ ಜೀವಕೋಶದೊಳಗಿನ ನೀರು ಹೊರಗೆ ಸೆಳೆಯಲ್ಪಡುತ್ತದೆ, ಸೋಡಿಯಂ ಒಳನುಗ್ಗುತ್ತದೆ. ಬದುಕಬೇಕಾದರೆ ಕೋಶವು ಸೋಡಿಯಂ ಅನ್ನು ಹೊರದಬ್ಬುತ್ತ, ಸಕ್ಕರೆಯಂಥ ವಸ್ತುಗಳನ್ನು ಒಳಗೆ ತುಂಬಿಕೊಂಡು ಸಮತೋಲ ಕಾಯ್ದುಕೊಳ್ಳಬೇಕು. ಸಿಹಿನೀರಿನ ಸಯನೋಬ್ಯಾಕ್ಟೀರಿಯಾ ಸುಕ್ರೋಸ್ ಅಥವಾ ಟ್ರೆಹಲೋಸ್ ಮಾಡಿಕೊಳ್ಳುತ್ತವೆ, ಕಡು ಉಪ್ಪಿನಲ್ಲಿ ಬಾಳುವವು ಗ್ಲೈಸಿನ್ ಬೀಟೈನ್ ಮಾಡಿಕೊಳ್ಳುತ್ತವೆ. ಈ ಖರ್ಚನ್ನು ಎಷ್ಟರವರೆಗೆ ತಡೆದುಕೊಳ್ಳಬಲ್ಲದು ಎಂಬುದರ ಮೇಲೆ ಪ್ರತಿಯೊಂದರ ಎಲ್ಲೆ ನಿಂತಿದೆ.

ಅಮೆರಿಕದ ಫ್ಲಾರಿಡಾದಲ್ಲಿ ಕೆಂಪು ಅಲೆ ಎಬ್ಬಿಸುವ ಕರೇನಿಯಾ ಬ್ರೆವಿಸ್ ಲೀಟರಿಗೆ ಸುಮಾರು 24 ಗ್ರಾಂಗಿಂತ ಕಡಿಮೆ ಉಪ್ಪಿದ್ದರೆ ಏಳಿಗೆಯಾಗುವುದಿಲ್ಲ. ಬಾಲ್ಟಿಕ್ ಸಮುದ್ರದ ಮೇಲ್ಮೈ ನೀರಿನಲ್ಲಿ ಬಹಳ ಕಡೆ ಉಪ್ಪು 6ರಿಂದ 8 ಗ್ರಾಂ ಮಾತ್ರ. ಅಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ನೀರು ಬೆಚ್ಚಗಾದೊಡನೆ ನೊಡುಲೇರಿಯಾ ಎಂಬ ವಿಷಕಾರಿ ಸಯನೋಬ್ಯಾಕ್ಟೀರಿಯಾ ಮೈಲಿಗಟ್ಟಲೆ ಹರಡುತ್ತದೆ. ಎಲ್ಲಕ್ಕೂ ಸೆಕೆ ಬೇಕೆಂದೂ ತಿಳಿಯಬಾರದು. ಚಿಪ್ಪುಮೀನಿನ ಮೂಲಕ ಮನುಷ್ಯನಿಗೆ ಪಾರ್ಶ್ವವಾಯುವಿನಂಥ ವಿಷ ತಗುಲಿಸುವ ಅಲೆಕ್ಸಾಂಡ್ರಿಯಂ ಕುಲದ ಕೆಲವು ಪ್ರಭೇದಗಳು ತಣ್ಣೀರಿನ ಕರಾವಳಿಗಳಲ್ಲೇ ಹುಲುಸಾಗಿ ಬೆಳೆಯುತ್ತವೆ. ನಮ್ಮ ಮಂಗಳೂರು ಸೀಮೆಯಲ್ಲೂ 1983ರಲ್ಲಿ ಮರುವಾಯಿ ಎಂಬ ಚಿಪ್ಪುಮೀನು ತಿಂದವರಿಗೆ ಇಂಥ ವಿಷಬಾಧೆಯಾದದ್ದು ದಾಖಲಾಗಿದೆ. ರಾತ್ರಿ ನೀಲಿಯಾಗಿ ಹೊಳೆಯುವುದು ನಾಕ್ಟಿಲೂಕಾ. ಅದು ಮನುಷ್ಯನಿಗೆ ವಿಷವುಣಿಸುವ ಜಾತಿಯಲ್ಲ, ಆದರೆ ದಟ್ಟವಾದಾಗ ಮೀನಿಗೆ ಉಸಿರು ಕಟ್ಟಿಸುತ್ತದೆ.

ಜರಡಿಯ ಮಾತಿಗೆ ಆಸ್ಟ್ರೇಲಿಯಾದ ಪರ್ತ್ ನಗರದ ಸ್ವಾನ್ ನದಿ ನನಗೆ ಯಾವಾಗಲೂ ನೆನಪಾಗುವ ಉದಾಹರಣೆ. ಬೇಸಿಗೆಯಲ್ಲಿ ಆ ನದಿಯ ಅಳಿವೆ ಉಪ್ಪಾಗಿರುತ್ತದೆ. 2000ರ ಜನವರಿಯಲ್ಲಿ ಅಕಾಲಿಕವಾಗಿ ಭಾರಿ ಮಳೆ ಸುರಿದು, ಗೊಬ್ಬರದ ಸಾರ ಹೊತ್ತ ಸಿಹಿನೀರು ಅಳಿವೆಯನ್ನು ತುಂಬಿತು. ಫೆಬ್ರವರಿಯಲ್ಲಿ ಅಲ್ಲಿ ಮೈಕ್ರೋಸಿಸ್ಟಿಸ್ ಕೆನೆಗಟ್ಟಿ, ನದಿಗೆ ಇಳಿಯಬಾರದೆಂದು ಜನರನ್ನು ತಡೆಯಬೇಕಾಯಿತು. ಸಮುದ್ರದ ಉಪ್ಪು ಮತ್ತೆ ಒಳಬಂದಾಗ ಅದು ತಾನಾಗಿ ಅಳಿಯಿತು. ಸೆಕೆ ಮೊದಲೂ ಇತ್ತು, ಆಮೇಲೂ ಇತ್ತು. ಬಾಗಿಲು ತೆರೆದದ್ದೂ ಮುಚ್ಚಿದ್ದೂ ಉಪ್ಪು.

ನಾಲೆ ಕೊನೆಯ ಗದ್ದೆಯವನು, ಮಂಡ್ಯ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಭಾಗದ ನಮ್ಮಂಥವರಿಗೆ ಚೌಳು ಮಣ್ಣಿನ ಕಷ್ಟ ಹೊಸದಲ್ಲ. ನೀರು ನಿಂತು ನಿಂತು, ಆರಿದ ಮೇಲೆ ಗದ್ದೆಯ ಬದುವಿನಲ್ಲಿ ಬೆಳ್ಳಗೆ ಉಪ್ಪು ಮೇಲೆದ್ದಿರುತ್ತದೆ. ಅಂಥ ಗದ್ದೆಯಲ್ಲೂ ನೀಲಿ-ಹಸಿರು ಪಾಚಿ ಬೆಳೆಯುವುದನ್ನು ನೋಡಿದ್ದೇನೆ. ಭತ್ತದ ಗದ್ದೆಗೆ ಸಾರಜನಕ ಕೊಡುತ್ತದೆಂದು ಅದನ್ನೇ ಗೊಬ್ಬರವಾಗಿ ಬೆಳೆಸಿರೆಂದು ಹೇಳಿಕೊಟ್ಟಿದ್ದರು. ಈಗ ಅದೇ ವಿಷ ಎನ್ನುತ್ತೀರಿ. ಯಾವುದನ್ನು ನಂಬುವುದು?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಮೈಸೂರು

ಎರಡನ್ನೂ ನಂಬಿ. ನೀಲಿ-ಹಸಿರು ಪಾಚಿ ಎಂಬುದು ಸಾವಿರಾರು ಪ್ರಭೇದಗಳ ದೊಡ್ಡ ವಂಶ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಅನಬೀನಾ ಎಂಬುದು ಅಝೋಲ್ಲಾ ಎಂಬ ತೇಲುವ ಜರೀಗಿಡದ ಎಲೆಯೊಳಗೇ ಮನೆ ಮಾಡಿಕೊಂಡು ಭತ್ತಕ್ಕೆ ಉಪಕಾರ ಮಾಡುತ್ತದೆ. ನೋಡಿ, ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಆಹಾರ ಸಂಶೋಧನಾ ಸಂಸ್ಥೆ ದಶಕಗಳ ಕಾಲ ದುಡಿದ, ಆಹಾರವಾಗಿ ಬಳಸುವ ಸ್ಪೈರುಲಿನಾ ಕೂಡ ಇದೇ ವಂಶದ್ದು. ಅದಕ್ಕೆ 30ರಿಂದ 35 ಡಿಗ್ರಿಯ ಬಿಸಿ, ಸೋಡಾ ಬೆರೆತ ಉಪ್ಪುನೀರು, 9ಕ್ಕಿಂತ ಮೇಲಿನ ಪಿಎಚ್ ಎಲ್ಲವೂ ಹಿತ. ಆ ಕ್ಷಾರ ನೀರಿನಲ್ಲಿ ಬೇರೆ ಹೆಚ್ಚಿನ ಪಾಚಿಗಳು ನಿಲ್ಲಲಾರವು ಎಂಬುದೇ ಅದನ್ನು ತೆರೆದ ತೊಟ್ಟಿಯಲ್ಲಿ ಶುದ್ಧವಾಗಿ ಬೆಳೆಸಲು ಸಾಧ್ಯವಾಗಿರುವ ಗುಟ್ಟು. ಉಪ್ಪಿನ ಜರಡಿಯನ್ನು ಮನುಷ್ಯ ತನ್ನ ಅನುಕೂಲಕ್ಕೆ ಬಳಸಿಕೊಂಡ ಬಗೆ ಅದು.

ಪಶುವೈದ್ಯೆ, ಮದ್ದೂರು

ಪಾಂಡವಪುರದ ಅಣ್ಣನವರಿಗೆ ಒಂದು ಮುಖ್ಯ ಪ್ರಶ್ನೆ: ಆ ಹೊಂಡದಲ್ಲಿ ದನಕರುಗಳಿಗೆ ನೀರು ಕುಡಿಸುತ್ತಿದ್ದೀರಾ? ಕುಡಿಸುತ್ತಿದ್ದರೆ ಇಂದಿನಿಂದಲೇ ನಿಲ್ಲಿಸಿ.

ಗಾಳಿ ಕೆನೆಯನ್ನು ಒಂದೇ ದಡಕ್ಕೆ ತಳ್ಳುವುದರಿಂದ ಹೊಂಡದ ನಡುವೆ ಅಲ್ಪವಿದ್ದ ವಿಷ ಆ ದಡದಲ್ಲಿ ನೂರಾರು ಪಟ್ಟು ಸಾಂದ್ರವಾಗುತ್ತದೆ. ದನಗಳು ದಡದಲ್ಲೇ ಬಾಯಿಡುತ್ತವೆ. ಮೈಕ್ರೋಸಿಸ್ಟಿಸ್ ಉಂಟುಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಮೇವು ಬಿಡುವುದು, ನಿತ್ರಾಣ, ಒಸಡು ಬಿಳಿಚುವುದು, ನಡುಕ, ಕೆಲವೊಮ್ಮೆ ಒಂದೆರಡು ದಿನದಲ್ಲಿ ಸಾವು ಸಂಭವಿಸುತ್ತದೆ. ಹಾವು ಕಚ್ಚಿತೆಂದು ಭಾವಿಸಿ ಮಣ್ಣು ಮಾಡಿದ ಪ್ರಾಣಿಗಳಲ್ಲಿ ಕೆಲವಾದರೂ ಹೀಗೆ ಸತ್ತಿರಬಹುದೆಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ಈ ವಿಷದ ಬಗ್ಗೆ ವಿಜ್ಞಾನ ಪತ್ರಿಕೆಯಲ್ಲಿ ಬಂದ ಮೊದಲ ವರದಿಯೇ ಜಾನುವಾರುಗಳ ಸಾವಿನದು. 1878ರಲ್ಲಿ ಜಾರ್ಜ್ ಫ್ರಾನ್ಸಿಸ್ ಎಂಬುವವರು ದಕ್ಷಿಣ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಬಗ್ಗೆ ಬರೆದರು. ಅಲ್ಲಿದ್ದದ್ದು ಈಗಷ್ಟೇ ಮೇಲೆ ಪ್ರಸ್ತಾಪವಾದ ನೊಡುಲೇರಿಯಾ. ನದಿ ಸಮುದ್ರ ಸೇರುವ ಕಡೆಯ ಸರೋವರ, ಬೇಸಿಗೆ, ನಿಂತ ನೀರು, ದಡಕ್ಕೆ ಸರಿದ ಕೆನೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ 2020ರಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತಾಗಲೂ ಅಲ್ಲಿನ ಸರ್ಕಾರ ನೀರುಗುಂಡಿಗಳಲ್ಲಿನ ಸಯನೋಬ್ಯಾಕ್ಟೀರಿಯಾದ ವಿಷವನ್ನೇ ಕಾರಣವೆಂದು ಹೇಳಿತು.

ಗೆಂಡೆ ಸಾಕಣೆದಾರ, ಪಾಂಡವಪುರ

ಡಾಕ್ಟ್ರೇ, ಎರಡು ಎಮ್ಮೆಗಳು ಅದೇ ಪೂರ್ವದ ಮೂಲೆಯಲ್ಲಿ ನೀರಿಗಿಳಿಯುತ್ತಿದ್ದವು. ನಿಮ್ಮ ಮಾತು ಓದಿದ ಸಂಜೆಯೇ ಅಲ್ಲಿಗೆ ಮುಳ್ಳು ಹೊಡೆಸಿ, ತೊಟ್ಟಿಯಲ್ಲಿ ಬೋರ್‌ವೆಲ್ ನೀರು ಕೊಡುತ್ತಿದ್ದೇನೆ. ಎರಡೂ ಮೇವು ತಿನ್ನುತ್ತಿವೆ.

ಇನ್ನೊಂದು ವಿಚಾರ. ಉಪ್ಪು ಬೇಡವೆಂದಾದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ, ಒಂದೇ ದಿನದಲ್ಲಿ ನೀರು ತಿಳಿಯಾಗುತ್ತದೆ ಎಂದು ಅದೇ ಅಂಗಡಿಯವರು ಹೇಳುತ್ತಿದ್ದಾರೆ.

ನೀರು ಪರೀಕ್ಷಕಿ, ಮೈಸೂರು

ದಯವಿಟ್ಟು ಹಾಕಬೇಡಿ. ಮೈಲುತುತ್ತ ಪಾಚಿಯನ್ನು ಕೊಲ್ಲುವುದು ನಿಜ, ಸಮಸ್ಯೆ ಶುರುವಾಗುವುದೂ ಅಲ್ಲಿಂದಲೇ. ಜೀವಂತ ಕೋಶದಲ್ಲಿ ವಿಷ ಬಹುಪಾಲು ಒಳಗೇ ಇರುತ್ತದೆ, ಕೋಶ ಒಡೆದೊಡನೆ ಅದೆಲ್ಲವೂ ನೀರಿಗೆ ಬರುತ್ತದೆ. ಕಣ್ಣಿಗೆ ನೀರು ತಿಳಿಯಾಗುತ್ತದೆ, ವಿಷ ಕಾಣುವುದಿಲ್ಲ. ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ 1979ರಲ್ಲಿ ಕುಡಿಯುವ ನೀರಿನ ಜಲಾಶಯಕ್ಕೆ ಪಾಚಿ ಹೋಗಲೆಂದು ಮೈಲುತುತ್ತ ಹಾಕಿದ ಕೆಲವೇ ದಿನಗಳಲ್ಲಿ 148 ಜನ ಕಾಯಿಲೆ ಬಿದ್ದರು, ಅವರಲ್ಲಿ ಹೆಚ್ಚಿನವರು ಮಕ್ಕಳು.

ಕುದಿಸಿದರೆ ಹೋಗುತ್ತದೆಂಬ ನಂಬಿಕೆಯೂ ತಪ್ಪು. ಮೈಕ್ರೋಸಿಸ್ಟಿನ್ ಕುದಿಯುವ ನೀರಿಗೆ ಬಗ್ಗುವುದಿಲ್ಲ, ಕುದಿತಕ್ಕೆ ಕೋಶ ಒಡೆದು ವಿಷ ಇನ್ನೂ ಹೆಚ್ಚಾಗಿ ಹೊರಬರುತ್ತದೆ. ಕುಡಿಯುವ ನೀರನ್ನು ಜೀವನಪರ್ಯಂತ ಬಳಸುವ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ ಮೈಕ್ರೋಸಿಸ್ಟಿನ್. ಅಂದರೆ ಒಂದು ಗ್ರಾಂ ವಿಷ ಹತ್ತು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಲುಪಿಸುತ್ತದೆ.

ಹೊಂಡಕ್ಕೆ ಮೈಲುತುತ್ತ ಹಾಕುವುದರಲ್ಲಿ ಮತ್ತೊಂದು ಅಪಾಯವಿದೆ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕವನ್ನು ನುಂಗುತ್ತದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಉಪ್ಪು ಹೆಚ್ಚಿದಂತೆ ಇನ್ನೂ ಕಡಿಮೆ. ಬೇಸಿಗೆಯ ಹೊಂಡದ ಖಜಾನೆಯೇ ಚಿಕ್ಕದು, ಅದರಲ್ಲಿ ಒಂದೇ ರಾತ್ರಿ ಇಷ್ಟೊಂದು ಪಾಚಿ ಕೊಳೆತರೆ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಪಾಚಿ ದಟ್ಟವಾಗಿರುವ ಹೊಂಡದಲ್ಲಿ ಮಧ್ಯಾಹ್ನದ ಪಿಎಚ್ 9 ದಾಟುವುದು ಸಾಮಾನ್ಯ. ಪಿಎಚ್ 8, ಉಷ್ಣತೆ 30 ಇದ್ದಾಗ ನೀರಿನಲ್ಲಿರುವ ಅಮೋನಿಯಾದ ನೂರರಲ್ಲಿ ಏಳೆಂಟು ಪಾಲು ಮಾತ್ರ ಮೀನಿಗೆ ವಿಷವಾಗುವ ರೂಪದಲ್ಲಿರುತ್ತದೆ. ಪಿಎಚ್ 9ಕ್ಕೆ ಏರಿದರೆ ಆ ಪಾಲು 40ನ್ನು ಮೀರುತ್ತದೆ.

ಕಡಲ ಕಡೆಯವನು, ಈಗ ಮೈಸೂರು ನಿವಾಸಿ

ಉಪ್ಪಿನ ಬಗ್ಗೆ ಇನ್ನೊಂದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಸಿಹಿನೀರಿಗೆ ಉಪ್ಪು ಸೇರಿದಾಗ ಹೊಸ ಶತ್ರು ಬರುವುದೂ ಉಂಟು. 2022ರ ಆಗಸ್ಟಿನಲ್ಲಿ ಪೋಲೆಂಡ್ ಮತ್ತು ಜರ್ಮನಿಯ ಗಡಿಯಲ್ಲಿ ಹರಿಯುವ ಓಡರ್ ನದಿಯಲ್ಲಿ ನೂರಾರು ಟನ್ ಮೀನು ಸತ್ತವು. ಕೊಂದದ್ದು ಪ್ರಿಮ್ನೀಸಿಯಂ ಪಾರ್ವಂ ಎಂಬ, ಅಳಿವೆಯ ಉಪ್ಪುನೀರಿಗೆ ಹೊಂದಿಕೊಂಡ ಚಿನ್ನದ ಬಣ್ಣದ ಪಾಚಿ. ಸಮುದ್ರದಿಂದ ಅಷ್ಟು ದೂರದ ನದಿಯಲ್ಲಿ ಅದು ನೆಲೆಯೂರಲು ಗಣಿಗಳು ಹೊರಬಿಟ್ಟ ಉಪ್ಪುನೀರು ದಾರಿ ಮಾಡಿತು. ಆ ವರ್ಷದ ಬಿಸಿಲೂ ನದಿಯ ಹರಿವು ಇಳಿದದ್ದೂ ಅದಕ್ಕೆ ಜೊತೆಯಾದವು. ಅದರ ವಿಷ ಮೀನಿನ ಕಿವಿರನ್ನು ಸೀಳುತ್ತದೆ. ವಿಚಿತ್ರವೆಂದರೆ ಅಮೆರಿಕದ ಟೆಕ್ಸಾಸ್‌ನ ಕೆರೆಗಳಲ್ಲಿ ಇದೇ ಪಾಚಿ ಹೆಚ್ಚಾಗಿ ಚಳಿಗಾಲದಲ್ಲಿ ಮೀನು ಕೊಲ್ಲುತ್ತದೆ. ಪಾಚಿಗೆ ಉಪ್ಪು ಹಾಕಿ ಎನ್ನುವ ಸಲಹೆ ಕೇಳಿದಾಗಲೆಲ್ಲ ನನಗೆ ಆ ನದಿಯ ಚಿತ್ರಗಳು ಕಣ್ಣ ಮುಂದೆ ಬರುತ್ತವೆ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಮೈಸೂರು

ಹಾಗಾದರೆ ಮಾಡಬೇಕಾದ್ದೇನು ಎಂದು ಕೇಳುತ್ತೀರಿ. ಕೋಳಿ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ. ತೌಡು, ಹಿಂಡಿಯನ್ನು ಅರ್ಧಕ್ಕಿಳಿಸಿ. ಏರೇಟರ್ ಇದ್ದರೆ ಮಧ್ಯಾಹ್ನವೂ ಓಡಿಸಿ, ಆಗ ಅದರ ಕೆಲಸ ಗಾಳಿ ಕೊಡುವುದಕ್ಕಿಂತ ಆ ಐದು ಡಿಗ್ರಿಯ ಮುಚ್ಚಳವನ್ನು ಒಡೆಯುವುದು. ಮೇಲಿನ ನೀರು ಕೆಳಗಿಳಿದರೆ ಮೈಕ್ರೋಸಿಸ್ಟಿಸ್‌ಗೆ ತೇಲುವ ಲಾಭವಿರುವುದಿಲ್ಲ. ಕೆನೆ ಮೂಲೆಗೆ ಸರಿದ ಹೊತ್ತಿನಲ್ಲಿ ಕೈಗವಸು ತೊಟ್ಟು, ಹಳೆಯ ಪಂಚೆ ಬಟ್ಟೆಯಿಂದ ಬಳಿದು ತೆಗೆದು, ದನ ನಾಯಿ ಸುಳಿಯದ ಕಡೆ ಗುಂಡಿಯಲ್ಲಿ ಹೂಳಿರಿ. ನಾಲೆಗೆ ನೀರು ಬಿಟ್ಟೊಡನೆ ಮೂರರಲ್ಲೊಂದು ಪಾಲು ನೀರನ್ನು ಬದಲಿಸಿ, ಆದರೆ ಹೊರಬಿಟ್ಟ ನೀರು ಬೇರೆಯವರ ಹೊಂಡಕ್ಕೆ ಸೇರದಂತೆ ನೋಡಿಕೊಳ್ಳಿ. ಇದರಲ್ಲಿ ಯಾವುದೂ ಒಂದೇ ದಿನದ ಕೆಲಸವಲ್ಲ.

ಗೆಂಡೆ ಸಾಕಣೆದಾರ, ಪಾಂಡವಪುರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಉಪ್ಪನ್ನೂ ಹಾಕಲಿಲ್ಲ, ಮೈಲುತುತ್ತವನ್ನೂ ಹಾಕಲಿಲ್ಲ. ಗೊಬ್ಬರ ನಿಲ್ಲಿಸಿದೆ. ಬಾಡಿಗೆ ಏರೇಟರನ್ನು ದಿನವೂ ಹನ್ನೊಂದರಿಂದ ನಾಲ್ಕರವರೆಗೆ ಓಡಿಸಿದಾಗ ಮೇಲಿಗೂ ತಳಕ್ಕೂ ಇದ್ದ ವ್ಯತ್ಯಾಸ ಎರಡು ಡಿಗ್ರಿಗಿಳಿಯಿತು. ಕೆನೆ ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಮೊನ್ನೆ ಭರಣಿ ಮಳೆ ಎರಡು ಗಂಟೆ ಸುರಿಯಿತು. ಮರುದಿನ ಮೇಲೂ ಕೆಳಗೂ 26 ಡಿಗ್ರಿ, ಟಿಡಿಎಸ್ 1,700, ಮೂಲೆಯಲ್ಲಿ ಕೆನೆಯ ಸುಳಿವೇ ಇಲ್ಲ. ವ್ಯಾಪಾರಿಯೊಬ್ಬರು ಬಂದು ಮೀನು ಹಿಡಿಯೋಣವೆಂದರು. ಒಂದು ರೋಹುವನ್ನು ಕೊಯ್ದು ನೋಡಿದರೆ ಮಾಂಸಕ್ಕೆ ಮಣ್ಣಿನ ವಾಸನೆ ಇತ್ತು.

ನೀರು ಪರೀಕ್ಷಕಿ, ಮೈಸೂರು

ಆ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು. ಅದು ವಿಷವಲ್ಲ, ಆದರೆ ಸಯನೋಬ್ಯಾಕ್ಟೀರಿಯಾ ಇನ್ನೂ ನೀರಿನಲ್ಲಿರಬಹುದೆಂದು ತಿಳಿಸುತ್ತದೆ. ವಿಷ ಮೀನಿನ ಪಿತ್ತಜನಕಾಂಗದಲ್ಲಿ ಮತ್ತು ಕರುಳಿನಲ್ಲಿ ಹೆಚ್ಚು ಸೇರುತ್ತದೆ, ಮಾಂಸದಲ್ಲಿ ಕಡಿಮೆ. ಆದರೂ ಕೆನೆ ಇರುವಾಗ ಹಿಡಿದು ಮಾರಬೇಡಿ. ಮಳೆ ಕೆನೆಯನ್ನು ಕರಗಿಸಲಿಲ್ಲ, ನೀರಿನೊಳಕ್ಕೆ ಕಲಸಿದೆ ಅಷ್ಟೆ. ಮಳೆನೀರು ಸುತ್ತಲಿನ ಜಮೀನಿನ ಗೊಬ್ಬರವನ್ನೂ ಹೊಂಡಕ್ಕೆ ತಂದಿರುತ್ತದೆ. ಬಾಟಲಿಯನ್ನು ಇನ್ನೊಮ್ಮೆ ಇಟ್ಟು ನೋಡಿ.

ಗೆಂಡೆ ಸಾಕಣೆದಾರ, ಪಾಂಡವಪುರ

ಇಟ್ಟಿದ್ದೆ ಮೇಡಂ. ಇವತ್ತು ಬೆಳಿಗ್ಗೆ ಬಾಟಲಿಯ ಕತ್ತಿನಲ್ಲಿ ದಾರದಷ್ಟು ತೆಳುವಾದ ಹಸಿರು ಉಂಗುರವಿತ್ತು, ಈ ಸಲ ತಳದಲ್ಲೂ ಸ್ವಲ್ಪ ಹಸಿರು ಕುಳಿತಿತ್ತು. ವ್ಯಾಪಾರಿಗೆ ಮುಂದಿನ ತಿಂಗಳು ಬನ್ನಿ ಎಂದು ಹೇಳಿ ಕಳಿಸಿದ್ದೇನೆ. ಮುಳ್ಳುಬೇಲಿಯನ್ನು ಇನ್ನೂ ತೆಗೆದಿಲ್ಲ.